ಮಳೆಯ ವಾಸನೆ, ಬೀಟ್‌ರೂಟ್ ಪಲ್ಯ



ನಮ್ಮ ಮನೆಯವರಿಗೆ ಬೀಟ್‌ರೂಟ್ ಪಲ್ಯ ಎಂದರೆ ಅಷ್ಟಕ್ಕಷ್ಟೆ. "ಏನೇ ಇದು, ಮಣ್ಣು ತಿಂದ ಹಾಗಿದೆ" ಅಂತಾರೆ. ನೆಪ ಹೇಳ್ತಾರೆ ಅಂದುಕೊಂಡಿದ್ದೆ. ನೆಪ ಅಲ್ಲವಂತೆ! ಮೊದಲ ಮಳೆಗೆ ಅಂಗಳದಿಂದ ಏಳುವ ವಾಸನೆ, ಬೀಟ್‌ರೂಟಿನ ವಾಸನೆ, ಎರಡರಲ್ಲೂ ಇರುವುದು ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ.

ಇದನ್ನು ಹೇಳಿದವಳು ನನ್ನ ಮಗಳು. ಚಿತ್ರಕಲೆ ಓದುತ್ತೇನೆಂದು ಹಟ ಹಿಡಿದಿದ್ದಾಳೆ. "ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ? ಸೈನ್ಸ್ ತಗೋ" ಎಂದ ಅಪ್ಪನಿಗೆ ತೋರಿಸಲು ಈ ಸಂಗತಿ ಹುಡುಕಿ ತಂದಿದ್ದಳು.

ಅಮೆರಿಕದ ಎಂ.ಐ.ಟಿ.ಯಲ್ಲಿ ಐಜೆಮ್ ಎಂಬ ಸ್ಪರ್ಧೆ ಶುರುವಾದದ್ದು 2004ರಲ್ಲಿ, ಬರೀ ಐದು ತಂಡಗಳಿಂದ. ಕಾಲೇಜು ಮಕ್ಕಳು ಜೀವಾಣುವಿಗೆ ಹೊಸ ಕೆಲಸ ಕಲಿಸಬೇಕು. 2009ರಲ್ಲಿ ಅಲ್ಲಿಗೆ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ತಂಡ ಹೋಯಿತು. ಹೌದು, ಚಿತ್ರ, ವಿನ್ಯಾಸ ಕಲಿಯುವ ಮಕ್ಕಳು! ಬೆಂಗಳೂರಿನದೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು ನೆರವಾದರು. ಈ.ಕೋಲೈ ಎಂಬ ಜೀವಾಣುವಿನಿಂದ ಮಳೆಯ ವಾಸನೆ ಬರಿಸುವುದು ಅವರ ಕೆಲಸ.

ಅದು ಹೇಗೆ ಅಂತೀರಾ? ಪಕ್ಕದ ಮನೆಯಾಕೆಯ ಅಡುಗೆ ಪುಸ್ತಕದಿಂದ ಒಂದು ಪುಟ ಬರೆದುಕೊಂಡು ಬರೋದಿಲ್ಲವೇ, ಹಾಗೆಯೇ. ಮಣ್ಣಿನ ಜೀವಾಣುವಿನಲ್ಲಿರುವ ಒಂದು ಜೀನ್, ಅಂದರೆ ಮಾಡುವ ವಿಧಾನ, ಈ.ಕೋಲೈಗೆ ಸೇರಿಸುವುದು. ಬೇಕಾದ ಸಾಮಾನು ಅದರ ಮನೆಯಲ್ಲಿ ಮೊದಲೇ ಇತ್ತು. ವಿಧಾನ ಮಾತ್ರ ಗೊತ್ತಿರಲಿಲ್ಲ. 2006ರಲ್ಲಿ ಎಂ.ಐ.ಟಿ.ಯ ಮಕ್ಕಳು ಅದೇ ಈ.ಕೋಲೈಗೆ ಬಾಳೆಹಣ್ಣಿನ ವಾಸನೆ ಕೊಟ್ಟಿದ್ದರಂತೆ. ನನಗೇನೋ ನಮ್ಮವರ ಮಳೆಯೇ ಹೆಚ್ಚು ಹಿಡಿಸಿತು. "ಈ.ಕೋಲೈ ರೋಗದ ಹುಳ ಅಲ್ಲವೇನೇ?" ಎಂದು ಗಾಬರಿಯಾದೆ. ಅದರಲ್ಲಿ ಹಲವು ಜಾತಿ, ನಮ್ಮ ಕರುಳಿನಲ್ಲೇ ಸುಮ್ಮನೆ ಇರುವಂಥವೂ ಇವೆ, ಪ್ರಯೋಗಶಾಲೆಯಲ್ಲಿ ಬೆಳೆಸುವುದು ಸಾಧು ತಳಿ ಎಂದಳು.

ನಾನು ಎಸ್ಸೆಸ್ಸೆಲ್ಸಿಗೇ ನಿಂತವಳು. ಆಗ ಅರ್ಧ ಕ್ಲಾಸಿನ ರೆಕಾರ್ಡ್ ಪುಸ್ತಕಕ್ಕೆ ಕಪ್ಪೆ, ದಾಸವಾಳ ಬರೆದುಕೊಟ್ಟಿದ್ದೆ. ಚಿತ್ರವೂ ಸೈನ್ಸೂ ಒಂದೇ ಪುಸ್ತಕದಲ್ಲಿ ಇತ್ತಲ್ಲ ಅಂತ ಈಗ ಹೊಳೆಯುತ್ತಿದೆ ನೋಡಿ.

ಹುಳಿ ತಾಗಿದರೆ ಜಿಯೋಸ್ಮಿನ್ ಒಡೆದು ವಾಸನೆ ತಗ್ಗುತ್ತದೆ. ಅದಕ್ಕೇ ಪಲ್ಯ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ. ನಾನೂ ಹಿಂಡಿದೆ. ಇವರು ಎರಡು ಸಲ ಹಾಕಿಸಿಕೊಂಡರು. ಕಾಲೇಜಿನ ಅರ್ಜಿ ಫಾರಂ ತಟ್ಟೆಯ ಪಕ್ಕದಲ್ಲೇ ಇಟ್ಟಿದ್ದೆ. ಓದಿದರು, ರುಜು ಮಾಡಲಿಲ್ಲ. ಕೊನೇ ದಿನಕ್ಕೆ ಇನ್ನೂ ಒಂದು ವಾರ ಇದೆ.