ಸಲಹೆಗೂ ಪಗಾರ ಬೇಕು

ಪುಣೆಯ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದಲ್ಲಿ ಅಂಕಿಅಂಶ ನೋಡಿಕೊಳ್ಳುವ ಕೆಲಸ ನನ್ನದು. ಕಳೆದ ವರ್ಷ ಕ್ಷಯರೋಗದ ಅಧ್ಯಯನವೊಂದನ್ನು ರೂಪಿಸುವಾಗ, ಚಿಕಿತ್ಸೆ ಮುಗಿಸಿದ ಕೆಲವರನ್ನು ಸಲಹೆ ಕೇಳಲು ಕರೆದಿದ್ದೆವು. ಅವರಲ್ಲಿ ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಅಕ್ಕ ಒಬ್ಬರಿದ್ದರು. ಕನ್ನಡ ಬರುತ್ತದೆಂದು ನನ್ನನ್ನು ಅವರ ಪಕ್ಕ ಕೂರಿಸಿದರು.

ತಪಾಸಣೆಯ ಸಮಯ ಬೆಳಿಗ್ಗೆ ಹತ್ತರಿಂದ ಒಂದು ಎಂದಿತ್ತು. ‘ಆ ಹೊತ್ನ್ಯಾಗ ಬಂದ್ರ ಅವತ್ತಿನ ಪಗಾರ ಹೋತಲ್ರಿ ಸರ. ಎರಡನೇ ಸಲ ಯಾರೂ ಬರಂಗಿಲ್ಲ’ ಅಂದರು. ಸಂಜೆಯ ಪಾಳಿ ಸೇರಿಸಿದೆವು. ಜನ ಅರ್ಧಕ್ಕೇ ಬಿಟ್ಟುಹೋದರೆ ಎಂಥ ಲೆಕ್ಕಾಚಾರವೂ ಅಧ್ಯಯನವನ್ನು ಪೂರ್ತಿ ಉಳಿಸದು. ಅಂದಿನ ಸಭೆಯ ಬೆಲೆಬಾಳುವ ಮಾತು ಅದೇ.

ಅದಕ್ಕೆ ಸಿಕ್ಕಿದ್ದು ಚಹಾ, ಬಿಸ್ಕತ್ತು, ಬಸ್ ಚಾರ್ಜು. ಸಭೆಗೆಂದು ಅವರು ಅಂದಿನ ಪಗಾರವನ್ನೂ ಬಿಟ್ಟು ಬಂದಿದ್ದರು. ನಮಗೆ ಅದು ಸಂಬಳದ ಹೊತ್ತು, ಅವರಿಗೆ ಬಿಟ್ಟಿ ಸೇವೆ.

‘ದುಡ್ಡು ಕೊಟ್ಟರೆ ಆಮಿಷವಾಗುತ್ತದೆ’ ಎಂಬುದು ಹಿರಿಯ ಸಹೋದ್ಯೋಗಿಗಳ ಆಕ್ಷೇಪ. ಔಷಧ ಪ್ರಯೋಗಕ್ಕೆ ಮೈಯೊಡ್ಡುವವರ ವಿಷಯದಲ್ಲಿ ಆ ಎಚ್ಚರ ಸರಿ. ಅವರಿಗೂ ಸಮಯ ಮತ್ತು ತೊಂದರೆಗೆ ಹಣ ಕೊಡಲು ಐಸಿಎಂಆರ್‌ನ 2017ರ ಮಾರ್ಗಸೂಚಿ ಒಪ್ಪುತ್ತದೆ. ಅದು ಆಮಿಷವಾಗಬಾರದು, ಅಷ್ಟೇ. ಸಲಹೆ ಕೊಡುವವರು ಯಾವ ಮಾತ್ರೆಯನ್ನೂ ನುಂಗುವುದಿಲ್ಲ. ದುಡ್ಡು ಕೊಟ್ಟವರಿಗೆ ಹಿತವಾಗುವ ಮಾತನ್ನೇ ಆಡಿಯಾರು ಎಂಬ ಅನುಮಾನವಿದ್ದರೆ, ಅಭಿಪ್ರಾಯಕ್ಕಲ್ಲ, ಸಮಯಕ್ಕೆ ಹಣ ಕೊಡಿ. ಹೌದೆಂದರೂ ಅಷ್ಟೇ, ಅಲ್ಲವೆಂದರೂ ಅಷ್ಟೇ. ಬೇಡವೆನ್ನುವವರಿಗೆ ಬೇಡವೆನ್ನುವ ಸ್ವಾತಂತ್ರ್ಯವೂ ಇರಲಿ.

ಬ್ರಿಟನ್ನಿನಲ್ಲಿ ಸರ್ಕಾರದ ಹಣದಿಂದ ಆರೋಗ್ಯ ಸಂಶೋಧನೆಗೆ ನೆರವು ನೀಡುವ ಎನ್‌ಐಎಚ್‌ಆರ್, ಇಂಥ ಸಲಹೆಗಾರರಿಗೆ ದರಪಟ್ಟಿಯನ್ನೇ ಮಾಡಿದೆ. ಗಂಟೆಗೆ 25 ಪೌಂಡ್ ಅದರ ಲೆಕ್ಕ. ನಮಗೆ ಆ ದರ ಬೇಕಿಲ್ಲ, ಆ ಪದ್ಧತಿ ಬೇಕು. ಬಿಟ್ಟಿಯಾಗಿ ಕರೆದರೆ ಬರುವವರು ಪಿಂಚಣಿದಾರರು, ಉಳ್ಳವರು. ದಿನಗೂಲಿಯ ಕಷ್ಟವನ್ನು ಅವರು ಹೇಗೆ ಹೇಳಿಯಾರು?

ಈ ಸಲದ ಪ್ರಸ್ತಾವದಲ್ಲಿ ಅದಕ್ಕೊಂದು ಬಾಬ್ತು ಸೇರಿಸಿದೆ. ಸಲಹೆಗಾರರ ವಿದ್ಯಾರ್ಹತೆಯ ಪ್ರಮಾಣಪತ್ರ ಲಗತ್ತಿಸಿ ಎಂದು ಲೆಕ್ಕಪತ್ರ ವಿಭಾಗ ಕಡತವನ್ನು ವಾಪಸ್ ಕಳಿಸಿದೆ. ‘ಕ್ಷಯದಿಂದ ಗುಣವಾಗಿದ್ದಾರೆ’ ಎಂದು ಬರೆದು ಮತ್ತೆ ಕಳಿಸಿದ್ದೇನೆ. ಹೈದರಾಬಾದಿನ ಔಷಧ ಕಂಪನಿಗಳಲ್ಲೋ, ಮುಂಬೈ, ಚೆನ್ನೈ, ದೆಹಲಿಯ ಆಸ್ಪತ್ರೆಗಳಲ್ಲೋ ಇರುವ ನೀವೂ ಬಜೆಟ್ ಬರೆಯುವಾಗ ಆ ಒಂದು ಸಾಲು ಸೇರಿಸಿ. ಕನಿಷ್ಠ ಒಂದು ದಿನದ ಪಗಾರ, ಅದೂ ಅವತ್ತೇ ಕೈಗೆ ಸಿಗುವಂತೆ.