ಕಾಣುವ ಹಾಗೆ ಬರೆಯಿರಿ ಸ್ವಾಮೀ

ಕಣ್ಣಿನ ಡಾಕ್ಟರರ ಕೋಣೆಯ ಗೋಡೆಗೆ ಒಂದು ಪಟ ತೂಗುಹಾಕಿರುತ್ತಾರಲ್ಲ, ಮೇಲಿನ ಸಾಲಿನಲ್ಲಿ ಗಜಗಾತ್ರದ ಅಕ್ಷರ, ಕೆಳಗಿಳಿದಂತೆಲ್ಲ ಇರುವೆಯಂಥ ಅಕ್ಷರ, ಅದರಷ್ಟು ಮರ್ಯಾದಸ್ಥ ಬರಹವನ್ನು ನಾನು ಈಚೆಗೆ ಬೇರೆಲ್ಲೂ ಕಂಡಿಲ್ಲ. ಅಚ್ಚ ಬಿಳುಪಿನ ಮೇಲೆ ಅಚ್ಚ ಕಪ್ಪು. ಅದನ್ನು ಓದಲಾಗದಿದ್ದರೆ ದೋಷ ನನ್ನ ಕಣ್ಣಿನದು, ಪಟದ್ದಲ್ಲ. ಹಾಲೆಂಡಿನ ಸ್ನೆಲೆನ್ ಎಂಬ ವೈದ್ಯ 1862ರಲ್ಲಿ ಮಾಡಿಟ್ಟ ಪಟವಂತೆ ಅದು. ಪುಣ್ಯಾತ್ಮ, ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆದರೆ ಅದೇ ಕೋಣೆಯಿಂದ ಹೊರಗೆ ಬಂದು, ಔಷಧಿಯ ದುಡ್ಡು ಕೊಡಲು ಕೈಲಿರುವ ಫೋನು ತೆರೆದರೆ ಅಲ್ಲಿ ಏನಿದೆ? ಬಿಳಿಯ ಮೇಲೆ ಬೂದಿ ಬಣ್ಣದ, ಗಂಜಿಯ ತಿಳಿಯಲ್ಲಿ ಅದ್ದಿ ತೆಗೆದಂಥ ಅಕ್ಷರ. ಇದನ್ನು ಓದಲಾಗದಿದ್ದರೆ ದೋಷ ಯಾರದು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬರೆದವರದು.

ನಾನು ಹೈಸ್ಕೂಲಿನಲ್ಲಿ 32 ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಸಕ್ಕರೆ ಕಾಯಿಲೆ ನನ್ನ ಕಣ್ಣಿನ ಹಿಂಪರದೆಯನ್ನು ಕೆಡಿಸಿದೆ. ಲೇಸರ್ ಚಿಕಿತ್ಸೆಯಾಗಿ, ಕನ್ನಡಕ ಹಾಕಿಕೊಂಡ ಮೇಲೂ ನನ್ನ ಒಳ್ಳೆಯ ಕಣ್ಣಿಗೆ 6/24ರಷ್ಟು ಮಾತ್ರ ಕಾಣುತ್ತದೆ. ಅಂದರೆ ಉಳಿದವರು 24 ಮೀಟರ್ ದೂರದಿಂದ ಓದುವುದನ್ನು ನಾನು 6 ಮೀಟರ್ ಹತ್ತಿರ ಹೋಗಿ ಓದಬೇಕು. ಅಡಿಗೆ ಮಾಡುತ್ತೇನೆ, ಅಕ್ಕಿಯಲ್ಲಿ ಕಲ್ಲು ಮಾತ್ರ ಆರಿಸಲಾರೆ. ಸಂತೆಗೆ ಹೋಗುತ್ತೇನೆ, ಎದುರು ಬಂದವರ ನಡಿಗೆ ನೋಡಿ ಗುರುತು ಹಿಡಿಯುತ್ತೇನೆ. ಕಾಯ್ದೆಯ ಭಾಷೆಯಲ್ಲಿ ನನ್ನದು ಮಂದದೃಷ್ಟಿ. 6/18ಕ್ಕಿಂತ ಕಡಿಮೆ, ಪೂರ್ಣ ಕುರುಡಿಗಿಂತ ಹೆಚ್ಚು.

ಈ ನಡುವಿನವರ ಪಾಡು ಯಾರಿಗೂ ಅರ್ಥವಾಗುವುದಿಲ್ಲ. ಪೂರ್ತಿ ಕಾಣದವರನ್ನು ನಮ್ಮ ಸಮಾಜ ತನ್ನದೇ ರೀತಿಯಲ್ಲಿ ಕಂಡುಕೊಂಡಿದೆ. ಗದುಗಿನ ಪುಟ್ಟರಾಜ ಗವಾಯಿಗಳಿಗೆ ನಾಡೇ ಕೈಮುಗಿಯಿತು. ಹಣದ ಯಂತ್ರಗಳಲ್ಲಿ ಬ್ರೈಲ್ ಗುಂಡಿಗಳು ಬಂದವು, ಮಾತಾಡುವ ಯಂತ್ರಗಳು ಬಂದವು. ನೋಟು ಯಾವುದೆಂದು ಹೇಳುವ 'ಮಣಿ' ಎಂಬ ಆ್ಯಪನ್ನು ರಿಸರ್ವ್ ಬ್ಯಾಂಕು 2020ರಲ್ಲಿ ಬಿಟ್ಟಿತು. ಬರಲಿ, ಇನ್ನೂ ಬರಲಿ. ಆದರೆ ನಾನು ಬ್ರೈಲ್ ಕಲಿತವಳಲ್ಲ, ಕಣ್ಣಿನಿಂದಲೇ ಓದುವವಳು. ಬಿಳಿ ಕೋಲಿಲ್ಲದ, ಕಪ್ಪು ಕನ್ನಡಕವಿಲ್ಲದ ನನ್ನನ್ನು ನೋಡಿದವರು, "ಟೀಚರಿಗೆ ಚೆನ್ನಾಗಿಯೇ ಕಾಣತ್ತಲ್ಲ, ಸುಮ್ಮನೆ ನಾಟಕ" ಎಂದುಕೊಳ್ಳುತ್ತಾರೆ.

ಇನ್ನೊಂದು ಮಾತು. ಆ ಗೋಡೆಯ ಪಟ ಎಷ್ಟೇ ಮರ್ಯಾದಸ್ಥವಾದರೂ ಕಣ್ಣಿನ ಪೂರ್ಣ ಕಥೆಯನ್ನು ಹೇಳುವುದಿಲ್ಲ. ಅದು ಅಳೆಯುವುದು ಅಕ್ಷರದ ಗಾತ್ರವನ್ನು. ಮಾಸಲು ಬಣ್ಣವನ್ನು ಕಣ್ಣು ಎಷ್ಟರಮಟ್ಟಿಗೆ ಹಿಡಿಯುತ್ತದೆ ಎಂಬುದನ್ನು ಅಳೆಯುವ ಬೇರೆ ಪಟವೊಂದು 1988ರಲ್ಲಿ ಬಂದಿದೆ. ಪೆಲ್ಲಿ-ರಾಬ್ಸನ್ ಪಟ ಎನ್ನುತ್ತಾರೆ. ಅದರಲ್ಲಿ ಎಲ್ಲ ಅಕ್ಷರಗಳೂ ಒಂದೇ ಗಾತ್ರ. ಮೊದಲು ಕಪ್ಪು, ಆಮೇಲೆ ಬೂದು, ಕೊನೆಗೆ ಹಾಳೆಯಲ್ಲೇ ಕರಗಿಹೋಗುವ ಬಣ್ಣ. ಪೊರೆ ಬಂದವರು, ಗ್ಲಾಕೋಮಾ ಇರುವವರು, ನನ್ನಂತೆ ಸಕ್ಕರೆಯಿಂದ ಕಣ್ಣು ಕೆಟ್ಟವರು ಗೋಡೆಯ ಪಟವನ್ನು ಅಷ್ಟಿಷ್ಟು ಓದಿಯಾರು, ಈ ಎರಡನೆಯದರಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತಾರೆ. ಅಂಥವರಿಗೆ ಅಕ್ಷರ ದೊಡ್ಡದು ಮಾಡಿ ಕೊಟ್ಟರೆ ಸಾಲದು. ದೊಡ್ಡ ಬೂದು ಅಕ್ಷರ ದೊಡ್ಡ ಮಂಜಷ್ಟೇ.

ಇದು ತಿಳಿಯಲು ಇಂಜಿನಿಯರಿಂಗ್ ಡಿಗ್ರಿ ಬೇಕೇ? ನಮ್ಮ ಅಜ್ಜಿ ಅಂಗಳಕ್ಕೆ ಮೊದಲು ಸಗಣಿ ಸಾರಿಸಿ, ಅದು ಕಪ್ಪಗೆ ಕೂತ ಮೇಲೆ ಬಿಳಿಯ ರಂಗೋಲಿ ಎಳೆಯುತ್ತಿದ್ದಳು. ಬಿಳಿಯ ಸುಣ್ಣದ ನೆಲದ ಮೇಲೆ ಬಿಳಿಯ ಪುಡಿ ಉದುರಿಸಿ, "ನೋಡಿ, ಎಷ್ಟು ನಾಜೂಕು" ಎಂದು ಬೀಗಿದ ಹೆಂಗಸನ್ನು ನಾನಂತೂ ಕಂಡಿಲ್ಲ. ಶಾಲೆಯಲ್ಲಿ ಕರಿಹಲಗೆ ಮಾಸಿದರೆ ನಾವು ಹೆಡ್‌ಮಾಸ್ಟರ ಬೆನ್ನು ಹತ್ತಿ ಬಣ್ಣ ಹೊಡೆಸುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗಿಗೆ ಕಾಣದಿದ್ದರೆ ಪಾಠವೇ ದಂಡ. ಆ ಹಿಂದಿನ ಬೆಂಚಿನ ಹುಡುಗಿಯರೇ ಓದಿ ಮೇಲೆ ಬಂದು, ದೊಡ್ಡ ಊರಿನ ಏರ್‌ಕಂಡೀಶನ್ ಕೋಣೆಯಲ್ಲಿ ಕೂತು, ಬೂದಿಯಿಂದ ಬರೆಯುವುದೇ ಸೊಗಸು ಎನ್ನುತ್ತಿದ್ದಾರೆ!

ಕನ್ನಡಕ್ಕಂತೂ ಇದು ಎರಡು ಪಟ್ಟು ಕೇಡು. ನಮ್ಮ ಲಿಪಿಯ ಜೀವ ಇರುವುದೇ ಸಣ್ಣ ಸಣ್ಣ ಗೀಟುಗಳಲ್ಲಿ. 'ದನ'ಕ್ಕೂ 'ಧನ'ಕ್ಕೂ ಇರುವ ಅಂತರ ಹೊಟ್ಟೆಯ ಕೆಳಗಿನ ಒಂದು ಸೀಳು. 'ಪ' ಒಳಗೆ ಒಂದು ಗೆರೆ ಬಿದ್ದರೆ 'ಷ'. 'ಕತ್ತೆ'ಗೂ 'ಕತೆ'ಗೂ ನಡುವೆ ಇರುವುದು ಕೆಳಗೆ ತೂಗುವ ಒಂದು ಒತ್ತು. ಇಂಗ್ಲಿಷ್ ಅಕ್ಷರಗಳಿಗೆಂದು ಎತ್ತರ ಗೊತ್ತುಮಾಡಿದ ಚೌಕದೊಳಗೆ ನಮ್ಮ ಅಕ್ಷರವನ್ನು ತುರುಕಿದಾಗ ಮೇಲಿನ ಗುಡಿಸಿಗೆ ತಲೆ ಹೋಗುತ್ತದೆ, ಕೆಳಗಿನ ಒತ್ತಿಗೆ ಕಾಲು ಹೋಗುತ್ತದೆ. 'ಕನ್ನಡ ಆಯ್ಕೆಮಾಡಿ' ಎಂಬ ಗುಂಡಿಯಲ್ಲೇ 'ನ್ನ'ದ ಒತ್ತು ಕತ್ತರಿಸಿಹೋಗಿರುವುದನ್ನು ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಕನ್ನಡದಲ್ಲೂ ಕೊಟ್ಟಿದ್ದೇವಲ್ಲ ಎಂದು ಹೇಳಿಕೊಳ್ಳುವುದಕ್ಕಾಯಿತು, ಓದುವುದಕ್ಕಾಗಲಿಲ್ಲ. ಕೊನೆಗೆ ನನ್ನಂಥ ಕನ್ನಡ ಟೀಚರೂ ಇಂಗ್ಲಿಷಿಗೆ ಬದಲಾಯಿಸಿಕೊಂಡು, 'ಇದಾದರೂ ಸ್ವಲ್ಪ ದಪ್ಪಗಿದೆ' ಎಂದು ನಿಟ್ಟುಸಿರಿಡಬೇಕು. ಭಾಷೆ ಸಾಯುವ ದಾರಿಗಳಲ್ಲಿ ಇದೂ ಒಂದು; ಯಾವ ಸಮ್ಮೇಳನದಲ್ಲೂ ಇದರ ಮೇಲೆ ಗೊತ್ತುವಳಿ ಆದದ್ದನ್ನು ನಾನು ಕೇಳಿಲ್ಲ.

ಆದರೆ ನನ್ನ ನಿಜವಾದ ಸಂಕಟ ದುಡ್ಡಿನದು. ಹೆಂಗಸರು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು.

ನಾನು ಕೆಲಸಕ್ಕೆ ಸೇರಿದ ತಿಂಗಳಿಂದ ನನ್ನ ಸಂಬಳ ನನ್ನ ಹೆಸರಿನ ಪಾಸ್‌ಬುಕ್ಕಿನಲ್ಲಿತ್ತು. ಅದಕ್ಕಾಗಿ ಮನೆಯಲ್ಲಿ ಜಗಳವೇ ಆಗಿತ್ತು ಎನ್ನಿ, ಅದು ಬೇರೆ ಕಥೆ. ಪಾಸ್‌ಬುಕ್ಕಿನಲ್ಲಿ ಗುಮಾಸ್ತರು ಮಸಿಯಲ್ಲಿ ಬರೆದ ಅಂಕಿ ನನಗೆ ಕಾಣುತ್ತಿತ್ತು. ಎಷ್ಟು ಬಂತು, ಎಷ್ಟು ಹೋಯಿತು, ಯಾರಿಗೂ ಹೇಳಬೇಕಾಗಿರಲಿಲ್ಲ. ಈಗ ನಾನು ಪಿಂಚಣಿ ತೆಗೆಯುವ ಬ್ಯಾಂಕಿನಲ್ಲಿ, "ಎಲ್ಲಾ ಫೋನಲ್ಲೇ ಇದೆ ಮೇಡಂ" ಎನ್ನುತ್ತಾರೆ. ಫೋನಿನಲ್ಲಿ 3 ಯಾವುದು, 8 ಯಾವುದು ತಿಳಿಯುವುದಿಲ್ಲ. ಖಾಲಿ ಚೌಕದೊಳಗೆ 'ಇಲ್ಲಿ ಮೊತ್ತ ತುಂಬಿ' ಎಂದು ಇನ್ನೂ ಮಾಸಲಾಗಿ ಬರೆದಿರುತ್ತಾರೆ. ಬೆರಳಿಟ್ಟ ಕೂಡಲೇ ಅದೂ ಮಾಯ. ಅಷ್ಟರಲ್ಲಿ ಒಟಿಪಿ ಬರುತ್ತದೆ. ಪಕ್ಕದಲ್ಲಿ ಸೆಕೆಂಡುಗಳು ಓಡುತ್ತಿರುತ್ತವೆ. ಫೋನನ್ನು ಮೂಗಿಗೆ ತಾಗಿಸಿ ಆರು ಅಂಕಿ ಓದುವಷ್ಟರಲ್ಲಿ, ಹೊತ್ತು ಮೀರಿತು, ಮತ್ತೆ ಮೊದಲಿನಿಂದ. ಆಗ ಏನು ಮಾಡುತ್ತೇವೆ? ಮಗನನ್ನು ಕರೆಯುತ್ತೇವೆ, ಸೊಸೆಯನ್ನು ಕರೆಯುತ್ತೇವೆ, ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕರೆಯುತ್ತೇವೆ. ಫೋನೂ ಅವನ ಕೈಗೆ, ಗುಟ್ಟಿನ ನಂಬರೂ ಅವನ ಕೈಗೆ. ಅವನು ಒಳ್ಳೆಯ ಹುಡುಗನೇ ಇರಬಹುದು. ಆದರೆ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ದಿನಕ್ಕೆರಡು ಸಂದೇಶ ಕಳಿಸುವ ನಂಬರನ್ನು, ಯಾರಿಗಾದರೂ ಹೇಳದೆ ಬೇರೆ ಗತಿಯಿಲ್ಲದಂತೆ ಮಾಡಿದವರೂ ಅವರೇ ತಾನೇ?

ನಮ್ಮ ಬೀದಿಯಲ್ಲಿ ಹೂ ಮಾರುವ ಅಜ್ಜಿಯೊಬ್ಬರಿದ್ದಾರೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಶಾಲೆಗೆ ಬಂದು ಅಕ್ಷರ ಕಲಿತವರು. ಆಗ ರುಜು ಹಾಕಲು ಕಲಿತ ದಿನ ಅವರ ಮುಖ ನೋಡಬೇಕಿತ್ತು! 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾಗ, ಅವರಿಗೂ ಬಂತು. ಬಂತೋ ಇಲ್ಲವೋ ತಿಳಿಯಲು ಈಗ ಅವರು ಮೊಬೈಲ್ ಅಂಗಡಿಯ ಹುಡುಗನ ಮುಂದೆ ನಿಲ್ಲುತ್ತಾರೆ. ಓದು ಬಾರದ್ದಕ್ಕಲ್ಲ, ಕಣ್ಣಿಗೆ ಪೊರೆ ಬಂದು ಆ ಪರದೆಯ ಅಕ್ಷರ ಕಾಣದ್ದಕ್ಕೆ. ಹೆಬ್ಬೆಟ್ಟಿನಿಂದ ರುಜುವಿಗೆ ಬಂದವರನ್ನು ಮತ್ತೆ ಹೆಬ್ಬೆಟ್ಟಿಗೆ ಕಳಿಸಿದ ಹಾಗಾಯಿತಲ್ಲವೇ ಇದು?

ಈ ಮಾತನ್ನು ಎಲ್ಲಿ ಹೇಳಿದರೂ ಸಿದ್ಧ ಉತ್ತರಗಳಿವೆ. ಕನ್ನಡಕ ಬದಲಾಯಿಸಿ, ಎನ್ನುತ್ತಾರೆ. ಕನ್ನಡಕದಿಂದ ಸರಿಯಾಗುವಂತಿದ್ದರೆ ಅದಕ್ಕೆ ಮಂದದೃಷ್ಟಿ ಎಂಬ ಹೆಸರೇ ಇರುತ್ತಿರಲಿಲ್ಲ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, ಎನ್ನುತ್ತಾರೆ. ಎಷ್ಟೋ ಆ್ಯಪುಗಳಲ್ಲಿ ಹಿಗ್ಗುವುದೇ ಇಲ್ಲ. ಫೋನಿನ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಕೆಳಗಿನ 'ಮುಂದುವರಿಯಿರಿ' ಎಂಬ ಗುಂಡಿ ಪರದೆಯಾಚೆ ಜಾರಿಹೋಗಿ, ಮುಂದುವರಿಯುವ ದಾರಿಯೇ ಬಂದ್. ಫೋನೇ ಓದಿ ಹೇಳುತ್ತದಲ್ಲ, ಎನ್ನುತ್ತಾರೆ. ಹೌದು, ಪೂರ್ತಿ ಕಾಣದವರಿಗೆ ಅದು ಸಂಜೀವಿನಿ. ಆದರೆ ಬಸ್ಸಿನಲ್ಲಿ ಕೂತು ನನ್ನ ಖಾತೆಯಲ್ಲಿ ಎಷ್ಟಿದೆ ಎಂದು ಡಂಗುರ ಸಾರಿಸಿಕೊಳ್ಳಲು ನನಗಿಷ್ಟವಿಲ್ಲ. ಕಣ್ಣಿನಿಂದ ಓದಬಲ್ಲವಳು ಕಣ್ಣಿನಿಂದಲೇ ಓದುತ್ತೇನೆ. ಇನ್ನು, ಮನೆಯಲ್ಲಿ ಮಕ್ಕಳಿಲ್ಲವೇ ಎನ್ನುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ.

ಇದಕ್ಕೆ ಲೆಕ್ಕವಿಲ್ಲವೆಂದಲ್ಲ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1999ರಿಂದಲೂ ಸೂತ್ರಗಳನ್ನು ಪ್ರಕಟಿಸುತ್ತಿದೆ. 2008ರ ಆವೃತ್ತಿಯಲ್ಲಿ ಅಂಕಿಯನ್ನೇ ಕೊಟ್ಟಿತು. ಬಿಳಿಯ ಮೇಲೆ ಕಪ್ಪು 21ಕ್ಕೆ 1. ಬಿಳಿಯ ಮೇಲೆ ಬಿಳಿ 1ಕ್ಕೆ 1, ಅಂದರೆ ಏನೂ ಕಾಣದು. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು, ಉತ್ತಮವೆನಿಸಬೇಕಾದರೆ 7. ಈ 4.5 ಎಲ್ಲಿಂದ ಬಂತು ಗೊತ್ತೇ? ಸುಮಾರು 6/12 ದೃಷ್ಟಿಯವರನ್ನು, ಅಂದರೆ ಎಂಬತ್ತರ ಆಸುಪಾಸಿನ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು. 7 ಎಂಬುದು ಸುಮಾರು 6/24 ದೃಷ್ಟಿಯವರಿಗೆ. ಅಂದರೆ ಸಾಕ್ಷಾತ್ ನನಗೆ! ನಾನು ಎಲ್ಲೋ ಪುಟ್ಟ ಊರಿನಲ್ಲಿ ಕೂತಿದ್ದೇನೆ, ನನ್ನ ಕಣ್ಣಿನ ಲೆಕ್ಕವನ್ನು ಯಾರೋ ಮಾಡಿ ಮೇಜಿನ ಮೇಲಿಟ್ಟಿದ್ದಾರೆ, ನಮ್ಮ ಆ್ಯಪು ಮಾಡುವವರು ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡು, 3ನ್ನೂ ಮುಟ್ಟದ ತಿಳಿಬೂದಿಯನ್ನು ಮೆಚ್ಚಿ ಆರಿಸಿಕೊಳ್ಳುತ್ತಿದ್ದಾರೆ.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಂದದೃಷ್ಟಿಯನ್ನು ಹೆಸರಿಟ್ಟು ಹೇಳಿದೆ, ಮಾಹಿತಿ ಎಲ್ಲರ ಕೈಗೆಟುಕಬೇಕೆಂದೂ ಹೇಳಿದೆ. ಆದರೆ ಆ ಕಾಯ್ದೆಯ ನಿಯಮಗಳು ಮಾಡಿದರೆ ಒಳ್ಳೆಯದು ಎನ್ನುವ ಧಾಟಿಯವಾಗಿದ್ದವು. ಮಾಡಲೇಬೇಕು ಎನ್ನುವ ನಿಯಮ ಬೇಕೆಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ರಾಜೀವ್ ರಾಟೂರಿ ಪ್ರಕರಣದಲ್ಲಿ ಹೇಳಬೇಕಾಯಿತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪು ಬಂತು. ಬ್ಯಾಂಕು, ಫೋನುಗಳ ಗುರುತಿನ ಪರೀಕ್ಷೆಯಲ್ಲಿ ಕಣ್ಣು ಮಿಟುಕಿಸಿ ಎನ್ನುತ್ತಾರೆ. ಆ್ಯಸಿಡ್ ದಾಳಿಯಲ್ಲಿ ರೆಪ್ಪೆಗಳೇ ಸುಟ್ಟುಹೋದವರು ಮಿಟುಕಿಸುವುದು ಹೇಗೆ? ಅಂಥವರು ಒಂದು ಕಡೆಯಿಂದ, ಪೂರ್ಣ ಅಂಧರಾದ ವಕೀಲ ಅಮರ್ ಜೈನ್ ಇನ್ನೊಂದು ಕಡೆಯಿಂದ ಕೋರ್ಟಿನ ಬಾಗಿಲು ತಟ್ಟಿದರು. ಈ ಯಂತ್ರಗಳ ಲೋಕಕ್ಕೆ ಪ್ರವೇಶ ಪಡೆಯುವುದೂ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಕೋರ್ಟು ಹೇಳಿ, 20 ನಿರ್ದೇಶನಗಳನ್ನು ಕೊಟ್ಟಿತು. ರೆಪ್ಪೆಯಿಲ್ಲದ ಕಣ್ಣಿನ ಆ ಹೆಣ್ಣುಮಕ್ಕಳನ್ನು ನೆನೆದಾಗ ನನ್ನ ಬೂದು ಅಕ್ಷರದ ದೂರು ಚಿಕ್ಕದೆನಿಸುತ್ತದೆ ನಿಜ. ಆದರೂ ರೋಗ ಒಂದೇ. ಎಲ್ಲರೂ ತನ್ನಂತೆಯೇ ಇದ್ದಾರೆ ಎಂದುಕೊಂಡು ಬಾಗಿಲು ಕೊರೆಯುವ ಬಡಗಿಯ ರೋಗ.

ಆ ಬಡಗಿಗೂ ವಯಸ್ಸಾಗುತ್ತದಲ್ಲ? ನಲವತ್ತು ದಾಟಿದಂತೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುತ್ತದೆ, ಮುಂದೆ ಹಳದಿಗಟ್ಟುತ್ತದೆ, ಪಾಪೆ ಚಿಕ್ಕದಾಗಿ ಒಳಗೆ ಹೋಗುವ ಬೆಳಕೇ ಕಡಿಮೆಯಾಗುತ್ತದೆ. ಇದು ರೋಗವೂ ಅಲ್ಲ, ಎಲ್ಲರಿಗೂ ಬರುವಂಥದು. ನಾನು ಚಿಕ್ಕವಳಿದ್ದಾಗ ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆಸಿಕೊಂಡು, ಸೋಡಾ ಬಾಟಲಿಯ ತಳದಂಥ ಗಾಜಿನ ಕನ್ನಡಕ ಹಾಕಿಕೊಂಡು ಬಂದ ಮುದುಕ ಮುದುಕಿಯರು ಊರ ತುಂಬ ಇದ್ದರು. ಅವರು ಓದಲೆಂದು ಪುರಾಣದ ಪುಸ್ತಕಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು, ಮುಖಪುಟದಲ್ಲೇ 'ದಪ್ಪಕ್ಷರ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಮೊಳೆ ಜೋಡಿಸುತ್ತಿದ್ದ ಬಡ ಪ್ರೆಸ್ಸಿನವನಿಗಿದ್ದ ಆ ತಿಳಿವಳಿಕೆ ಕೋಟ್ಯಂತರ ರೂಪಾಯಿಯ ಕಂಪನಿಗಳಿಗೆ ಇಲ್ಲ. ಅವನಿಗೆ ದಪ್ಪಕ್ಷರಕ್ಕೆ ಕಾಗದದ ಖರ್ಚಾದರೂ ಇತ್ತು. ಪರದೆಯ ಮೇಲೆ ಬೂದಿಯನ್ನು ಕಪ್ಪು ಮಾಡಲು ಕಾಸೂ ಬೇಕಿಲ್ಲ.

ಎಲ್ಲರಿಗೂ ಒಂದೇ ಮದ್ದಲ್ಲ ಎಂಬುದನ್ನೂ ಹೇಳಬೇಕು. ನನ್ನ ತಂಗಿಗೆ ಬಿಳಿಯ ಪರದೆಯ ಝಳ ತಡೆಯದು. ಕಪ್ಪಿನ ಮೇಲೆ ಬಿಳಿ ಅಕ್ಷರವಾದರೆ ಹಾಯಾಗಿ ಓದುತ್ತಾಳೆ. ನನಗೆ ಅದು ಕುಣಿಯುತ್ತದೆ. ಅದಕ್ಕೇ ಆಯ್ಕೆಯನ್ನು ಓದುವವರ ಕೈಗೆ ಕೊಡಿ, ಮಾಡಿದ ಮೇಲೆ ನಿಮ್ಮ ತಾಯಿಯ ಕೈಗೆ ಒಮ್ಮೆ ಫೋನು ಕೊಟ್ಟು ಬಾಯಿಮುಚ್ಚಿಕೊಂಡು ಪಕ್ಕದಲ್ಲಿ ಕೂರಿ ಎನ್ನುತ್ತೇನೆ.

ಹೋದ ವರ್ಷ ನನ್ನ ಬ್ಯಾಂಕಿಗೆ ಕಪ್ಪು ಮಾರ್ಕರ್ ಪೆನ್ನಿನಲ್ಲಿ, ಪುಟಕ್ಕೆ ಎಂಟೇ ಸಾಲಿನಂತೆ, ನಾಲ್ಕು ಪುಟದ ಪತ್ರ ಬರೆದೆ. ಉತ್ತರ ಇ-ಮೇಲಿನಲ್ಲಿ ಬಂತು. ಅದೂ ಬೂದಿ ಬಣ್ಣವೇ. ಮಗಳಿಂದ ಓದಿಸಿದೆ. ನನ್ನ ಅಮೂಲ್ಯ ಸಲಹೆಗೆ ವಂದನೆ ಹೇಳಿದ್ದರು. ಈ ಸಲ ಕಾಯ್ದೆಯ ಇಸವಿ, ಎರಡು ತೀರ್ಪುಗಳ ತಾರೀಕು, 4.5 ಎಂಬ ಅಂಕಿ ಎಲ್ಲವನ್ನೂ ಹಾಕಿ ಇನ್ನೊಂದು ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಪ್ರತಿಯೊಂದು ರಾಜ್ಯದ ಅಂಗವಿಕಲರ ಆಯುಕ್ತರಿಗೆ. ಅದರ ಜೆರಾಕ್ಸ್ ನನ್ನ ಬಳಿ ಇದೆ. ನಿಮ್ಮ ಬ್ಯಾಂಕಿನ, ಕರೆಂಟು ಬಿಲ್ಲಿನ, ಆಸ್ಪತ್ರೆಯ ಹೆಸರು ಹಾಕಿ ಕಳಿಸಲು ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ. ಅಕ್ಷರ ದಪ್ಪಗಿದೆ, ಕಾಣುತ್ತದೆ.