ತಾಯಿಯ ಕಡೆಯ ಹಸಿರು

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ಹೆಣ್ಣು ನೋಡಲು ಹೊರಟ ಹಿರಿಯರು ಇಂದಿಗೂ ಮರೆತಿಲ್ಲ. ಮನುಷ್ಯರ ವಿಷಯದಲ್ಲಿ ಈ ಮಾತು ಅರ್ಧ ಸತ್ಯ. ಮಗಳ ಮೂಗಿನಲ್ಲಿ ತಂದೆಯ ಪಾಲಿರಬಹುದು, ನಗುವಿನಲ್ಲಿ ಸೋದರತ್ತೆಯ ಹೋಲಿಕೆಯಿರಬಹುದು. ಆದರೆ ಸಂಜೆಮಲ್ಲಿಗೆಯ ಎಲೆಯ ಹಸಿರಿನ ಮಟ್ಟಿಗೆ ಈ ಗಾದೆ ಪೂರ್ಣ ಸತ್ಯವೆಂದು ತೋರಿಸಿಕೊಟ್ಟವನು ಕಾರ್ಲ್ ಕೊರೆನ್ಸ್ ಎಂಬ ಜರ್ಮನ್ ವಿಜ್ಞಾನಿ.

ಕೊರೆನ್ಸನು ಸಾಮಾನ್ಯನಲ್ಲ. 1866ರಲ್ಲಿ ಅಚ್ಚಾಗಿ, ಮೂವತ್ತನಾಲ್ಕು ವರ್ಷ ಮೂಲೆಗುಂಪಾಗಿದ್ದ ಮೆಂಡೆಲನ ಅನುವಂಶೀಯತೆಯ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಅವನೂ ಒಬ್ಬ. ಸಂತಾನದ ಗುಣಗಳಿಗೆ ತಂದೆತಾಯಿಗಳಿಬ್ಬರ ಕೊಡುಗೆಯೂ ಸಮ ಎಂಬುದು ಆ ನಿಯಮಗಳ ತಿರುಳು. ಅವುಗಳನ್ನು ಎತ್ತಿ ಹಿಡಿದವನೇ ಒಂಬತ್ತು ವರ್ಷಗಳ ಅನಂತರ, 1909ರಲ್ಲಿ, ಅವಕ್ಕೆ ಮಣಿಯದ ಗಿಡವೊಂದನ್ನು ಲೋಕದ ಮುಂದಿಟ್ಟನು. ತಾನು ಸಾರಿದ ತತ್ತ್ವಕ್ಕೆ ಅಡ್ಡ ಬಂದ ಸಾಕ್ಷಿಯನ್ನು ಮುಚ್ಚಿಡದಿರುವುದು ದೊಡ್ಡ ಗುಣವಲ್ಲವೆ?

ಆ ಸಂಜೆಮಲ್ಲಿಗೆಯ ಗಿಡ ವಿಚಿತ್ರವಾದುದು. ಒಂದೇ ಗಿಡದಲ್ಲಿ ಕೆಲವು ರೆಂಬೆಗಳು ಅಚ್ಚ ಹಸಿರು, ಕೆಲವು ಬಿಳುಪು, ಉಳಿದವು ಹಸಿರು-ಬಿಳಿಯ ಮಚ್ಚೆಗಳವು. ಕೊರೆನ್ಸನು ಒಂದು ರೆಂಬೆಯ ಹೂವಿನ ಪರಾಗವನ್ನು ಮತ್ತೊಂದು ರೆಂಬೆಯ ಹೂವಿಗೆ ಮುಟ್ಟಿಸಿ ಬೀಜ ಕಟ್ಟಿಸಿದನು. ಹಸಿರು ರೆಂಬೆಯ ಬೀಜದಿಂದ ಹಸಿರು ಸಸಿಯೇ ಹುಟ್ಟಿತು. ಪರಾಗ ಎಲ್ಲಿಂದ ಬಂದರೂ ಸರಿಯೆ. ಬಿಳಿಯ ರೆಂಬೆಯ ಬೀಜದಿಂದ ಬಿಳಿಯ ಸಸಿಯೇ ಹುಟ್ಟಿತು. ತಂದೆ ಎಷ್ಟೇ ಹಸಿರಾಗಿದ್ದರೂ ಫಲವಿಲ್ಲ. ಮಚ್ಚೆಯ ರೆಂಬೆಯ ಬೀಜಗಳಿಂದ ಮೂರು ಬಗೆಯ ಸಸಿಗಳೂ ಬಂದವು. ಪಾಪ, ಆ ಬಿಳಿಯ ಸಸಿಗಳ ಆಯುಸ್ಸು ಕೆಲವೇ ದಿನ. ಬೀಜದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಮುಗಿಯುತ್ತಲೇ, ಬಿಸಿಲಿನಿಂದ ಅನ್ನ ಬೇಯಿಸಿಕೊಳ್ಳುವ ಹಸಿರಿಲ್ಲದೆ ಅವು ಬಾಡಿಹೋದವು.

ಎಲೆಯ ಹಸಿರು ಜೀವಕೋಶಗಳಲ್ಲಿ ಹಲವಾರು ಹಸಿರುಕಣಗಳಿರುತ್ತವೆ. ವಿಜ್ಞಾನಿಗಳು ಅವನ್ನು ಕ್ಲೋರೋಪ್ಲಾಸ್ಟ್ ಎನ್ನುತ್ತಾರೆ. ಸಂಜೆಮಲ್ಲಿಗೆಯಲ್ಲಿ ಈ ಕಣಗಳ ಮೂಲರೂಪ ತಾಯಿಯ ಅಂಡದ ಮೂಲಕವೇ ಮಗುವಿಗೆ ಬರುತ್ತದೆ. ಪರಾಗ ಅದನ್ನು ಹೊತ್ತು ತರುವುದಿಲ್ಲ. ಕೊರೆನ್ಸನು ದೋಷವಿರುವುದು ಕೋಶದ ರಸದಲ್ಲಿ ಎಂದೇ ಭಾವಿಸಿದ್ದನು. ಅದೇ 1909ರಲ್ಲಿ ಎರ್ವಿನ್ ಬೌರ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ, ಕುಂಡಗಳಲ್ಲಿ ಬೆಳೆಸುವ ಜೆರೇನಿಯಂ ಗಿಡಗಳನ್ನು ಪರೀಕ್ಷಿಸಿ, ಗುಣ ಅಡಗಿರುವುದು ಹಸಿರುಕಣಗಳಲ್ಲಿಯೇ ಎಂದನು. ಜೆರೇನಿಯಂನಲ್ಲಿ ತಂದೆಯ ಕಣಗಳೂ ಮಗುವಿಗೆ ಬರುತ್ತವೆಂಬುದು ಅವನಿಗೆ ಕಂಡಿತ್ತು. ಕಾಲ ಬೌರನ ಮಾತನ್ನು ಎತ್ತಿ ಹಿಡಿಯಿತು.

1962ರಲ್ಲಿ ಹಾನ್ಸ್ ರಿಸ್ ಮತ್ತು ವಾಲ್ಟರ್ ಪ್ಲಾಟ್ ಎಂಬವರು ಒಂದು ಹಸಿರು ಪಾಚಿಯ ಕಣದೊಳಗೆ ಡಿ.ಎನ್.ಎ. ಇರುವುದನ್ನು ತೋರಿಸಿದರು. 1986ರಲ್ಲಿ ಜಪಾನಿನ ವಿಜ್ಞಾನಿಗಳು ಹೊಗೆಸೊಪ್ಪಿನ ಹಸಿರುಕಣದ ಡಿ.ಎನ್.ಎ.ಯನ್ನು ಪೂರ್ತಿಯಾಗಿ ಓದಿ ಮುಗಿಸಿದರು. ಅದರ ಉದ್ದ ಸುಮಾರು 1,56,000 ಅಕ್ಷರಗಳು. ಅದರಲ್ಲಿರುವ ಜೀನುಗಳು ನೂರಕ್ಕಿಂತ ತುಸು ಹೆಚ್ಚು. ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಸ್ವತಂತ್ರವಾಗಿ ಬಾಳುತ್ತಿದ್ದ ಸೂಕ್ಷ್ಮಜೀವಿಯೊಂದು ಬೇರೊಂದು ಕೋಶದ ಮನೆ ಸೇರಿ ಹಸಿರುಕಣವಾಯಿತು. ತನ್ನ ಜೀನುಗಳಲ್ಲಿ ಬಹುಪಾಲನ್ನು ಅದು ಕಳೆದುಕೊಂಡಿತು, ಇಲ್ಲವೆ ಮನೆಯ ಯಜಮಾನನಾದ ಕೋಶಕೇಂದ್ರಕ್ಕೆ ಒಪ್ಪಿಸಿತು. ಕೆಲವನ್ನು ಮಾತ್ರ ತನ್ನ ಗಂಟಿನಲ್ಲಿಯೇ ಇಟ್ಟುಕೊಂಡಿತು.

ಅಡಿಗೆಯ ಕೆಲಸಕ್ಕೆ ಬಂದವರಿಗೆ ಮನೆ ಕಟ್ಟುವ ವಿಚಾರದಲ್ಲಿ ಮಾತುಂಟೆ? ಹಸಿರುಕಣಕ್ಕೆ ಉಂಟು. ಹೊಗೆಸೊಪ್ಪಿನಲ್ಲಿ ಬಿಸಿಲನ್ನು ಹಿಡಿಯುವ ಜೀನೊಂದನ್ನು ತೆಗೆದು, ಗಿಡಕ್ಕೆ ಸಕ್ಕರೆ ಬೆರೆಸಿದ ಆಹಾರ ಕೊಟ್ಟು ಸಾಕಿದರೆ, ಎಲೆ ಪೇಲವವಾದರೂ ಎಲೆಯಾಗಿಯೇ ಬೆಳೆಯುತ್ತದೆ. ಕಣದೊಳಗಿನ ಆಕ್-ಡಿ ಎಂಬ ಜೀನಿನ ಕಥೆ ಬೇರೆ. ಕೊಬ್ಬಿನಾಮ್ಲಗಳನ್ನು ತಯಾರಿಸುವ ಕಿಣ್ವದ ಒಂದು ಭಾಗಕ್ಕೆ ಅದು ಕಾರಣ. ಆ ಆಮ್ಲಗಳಿಲ್ಲದೆ ಕೋಶದ ಪೊರೆಯಿಲ್ಲ, ಪೊರೆಯಿಲ್ಲದೆ ಹೊಸ ಕೋಶವಿಲ್ಲ. 2005ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಈ ಜೀನನ್ನು ತೆಗೆಯಲು ಯತ್ನಿಸಿದರು. ಜೀನು ಪೂರ್ತಿಯಾಗಿ ಅಳಿದ ಗಿಡ ದೊರೆಯಲೇ ಇಲ್ಲ. ಅಳಿದ ಕಣಗಳೂ ಉಳಿದ ಕಣಗಳೂ ಬೆರೆತ ಗಿಡಗಳಲ್ಲಿ ಎಲೆಯ ಅಂಚು ವಕ್ರವಾಗಿ, ಅಲಗಿನ ಭಾಗಗಳೇ ಕಾಣೆಯಾಗಿದ್ದವು. ಹುಳು ತಿಂದ ಜಾಗವಲ್ಲ ಅದು. ಎಂದೂ ಹುಟ್ಟದೆ ಹೋದ ಜಾಗ.

ಹುಲ್ಲಿನ ಜಾತಿಯ ಬತ್ತ, ಗೋಧಿ, ಮುಸುಕಿನ ಜೋಳಗಳ ಹಸಿರುಕಣಗಳಲ್ಲಿ ಈ ಜೀನೇ ಇಲ್ಲ. ಅವುಗಳಲ್ಲಿ ಆ ಕೆಲಸವನ್ನು ಕೋಶಕೇಂದ್ರದ ಜೀನೊಂದು ವಹಿಸಿಕೊಂಡಿದೆ. ಬಾರ್ಲಿಯ ಒಂದು ಬಗೆಯಲ್ಲಿ ಹಸಿರುಕಣಗಳ ಕಾರ್ಖಾನೆ ಪೂರ್ತಿ ನಿಂತುಹೋಗಿದ್ದರೂ ಬಿಳಿಯ ಎಲೆ ನೀಳವಾಗಿ ಮೂಡುವುದಕ್ಕೆ ಇದೂ ಒಂದು ಕಾರಣ. ಯಜಮಾನ ಹೊಣೆ ಹೊತ್ತ ಮನೆಯಲ್ಲಿ ಅಡಿಗೆಯವನು ಕೈಬಿಟ್ಟರೂ ಗೋಡೆ ಏಳುತ್ತದೆ. ಆದರೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಬಿಳಿಯ ಸಸಿ ಬಹಳ ದಿನ ಬಾಳುವುದಿಲ್ಲ.

ಕೊರೆನ್ಸನು 1933ರಲ್ಲಿ ತೀರಿಕೊಂಡನು. ಅಚ್ಚಾಗದೆ ಉಳಿದಿದ್ದ ಅವನ ಬರಹಗಳಲ್ಲಿ ಬಹುಪಾಲು 1945ರಲ್ಲಿ ಬರ್ಲಿನ್ ನಗರದ ಮೇಲೆ ಬಾಂಬು ಬಿದ್ದಾಗ ನಾಶವಾಯಿತು. ಸಂಜೆಮಲ್ಲಿಗೆ ಮಾತ್ರ ಎಂದಿನಂತೆ ಹೊತ್ತಿಳಿಯುವಾಗ ಅರಳುತ್ತದೆ. ಹೂವಿನ ಬಣ್ಣಕ್ಕೆ ಇಬ್ಬರನ್ನೂ ನೆಚ್ಚಿ, ಎಲೆಯ ಹಸಿರಿಗೆ ತಾಯಿಯೊಬ್ಬಳನ್ನೇ ನೆಚ್ಚಿ, ಮುಂದಿನ ಬೀಜವನ್ನು ಕಟ್ಟುತ್ತದೆ.